ತಿರುವಿನಲ್ಲಿ ಬ್ರೇಕ್ ಒತ್ತಿದರೆ ಕಾರು ಗಿರ್ರನೆ ತಿರುಗುವುದು ಯಾಕೆ?

ಪ್ರಶ್ನೆ: ಸಾರ್, ನಾನು ಸುರತ್ಕಲ್‌ನವನು, ಡಿಗ್ರಿ ಓದುತ್ತಿದ್ದೇನೆ. ನೀಡ್ ಫಾರ್ ಸ್ಪೀಡ್ ಎಂಬ ಕಾರ್ ರೇಸಿನ ಕಂಪ್ಯೂಟರ್ ಆಟ ಆಡುವಾಗ ಎಷ್ಟು ಜೋರಾಗಿ ಹೋದರೂ ಕಾರು ತಿರುವಿನಲ್ಲಿ ಜಾರಿಕೊಂಡು ದಾಟಿಬಿಡುತ್ತದೆ. ಮೊನ್ನೆ ಅಸೆಟ್ಟೊ ಕೋರ್ಸಾ ಎಂಬ ಇನ್ನೊಂದು ರೇಸ್ ಆಟ ಹಾಕಿಕೊಂಡೆ. ಅದರಲ್ಲಿ ತಿರುವಿನ ಮಧ್ಯೆ ಬ್ರೇಕ್ ಒತ್ತಿದರೆ ಸಾಕು, ಹಿಂದುಮುಂದಾಗಿ ನಿಲ್ಲುತ್ತದೆ. ಇಪ್ಪತ್ತು ವರ್ಷದಿಂದ ಕಾರು ಓಡಿಸುವ ನನ್ನ ಮಾವ, "ನಮ್ಮ ಕಾರು ಒಮ್ಮೆಯೂ ಹಾಗೆ ತಿರುಗಿಲ್ಲ, ಆ ಆಟವೇ ಸುಳ್ಳು" ಅನ್ನುತ್ತಾರೆ. ಯಾವುದು ನಿಜ? ನಾನು ಆಡುವುದು ಕೀಬೋರ್ಡಿನಲ್ಲಿ.

ಉತ್ತರ: ಆಟ ಸುಳ್ಳಲ್ಲ. ನಿಮ್ಮ ಮಾವ ಹೇಳುವುದೂ ಸುಳ್ಳಲ್ಲ.

ಕಾರು ಎಷ್ಟೇ ದೊಡ್ಡದಿರಲಿ, ನೆಲಕ್ಕೆ ತಾಗುವುದು ಟಯರಿಗೆ ಹೆಚ್ಚುಕಡಿಮೆ ಒಂದು ಅಂಗೈಯಷ್ಟು ರಬ್ಬರು ಮಾತ್ರ. ಆ ರಬ್ಬರಿನ ಹಿಡಿತಕ್ಕೆ ಒಂದು ಮಿತಿ ಇದೆ, ಬ್ರೇಕಿಗೆ ಅದನ್ನೆಲ್ಲ ಖರ್ಚು ಮಾಡಿದರೆ ತಿರುಗುವುದಕ್ಕೆ ಏನೂ ಉಳಿಯುವುದಿಲ್ಲ. ಇನ್ನೊಂದು ವಿಷಯ ಭಾರದ್ದು. ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಂತುಕೊಂಡು ಹೋದವರಿಗೆ ಗೊತ್ತು, ಡ್ರೈವರ್ ಬ್ರೇಕ್ ಹಾಕಿದ ಕೂಡಲೇ ಎಲ್ಲರೂ ಮುಂದಕ್ಕೆ ವಾಲುತ್ತಾರೆ, ಅಲ್ವಾ? ಕಾರಿನ ಭಾರವೂ ಹಾಗೆಯೇ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಹಿಂದಿನ ಚಕ್ರ ಹಗುರಾಗುತ್ತದೆ, ಹಿಡಿತ ಬಿಡುತ್ತದೆ, ಹಿಂಭಾಗ ಹೊರಕ್ಕೆ ಬೀಸುತ್ತದೆ. ಅಸೆಟ್ಟೊ ಕೋರ್ಸಾ ಇದನ್ನೆಲ್ಲ ಸೆಕೆಂಡಿಗೆ 333 ಸಲ ಲೆಕ್ಕ ಹಾಕುತ್ತದೆ. ನೀಡ್ ಫಾರ್ ಸ್ಪೀಡ್‌ನಲ್ಲಿ ಕಾರು ಜಾರಿದರೂ ಆಟವೇ ಹಿಡಿದುಕೊಳ್ಳುತ್ತದೆ, ಅದನ್ನು ಮಾಡಿರುವುದೇ ಖುಷಿಗೆ.

ಮಾವನ ಕಾರು ಯಾಕೆ ತಿರುಗಲಿಲ್ಲ? ಅವರು ತಿರುವು ಬರುವ ಮೊದಲೇ ನಿಧಾನ ಮಾಡುತ್ತಾರೆ. ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ ಯಾರೂ ರೇಸಿನ ವೇಗದಲ್ಲಿ ಹೋಗುವುದಿಲ್ಲವಲ್ಲ. ಮೇಲಾಗಿ ನಮ್ಮ ಮನೆಗಳ ಸಣ್ಣ ಕಾರುಗಳಲ್ಲಿ ಹೆಚ್ಚಿನವನ್ನು ಎಳೆಯುವುದು ಮುಂದಿನ ಚಕ್ರ, ಮಿತಿ ಮೀರಿದರೆ ಅವು ಸಾಮಾನ್ಯವಾಗಿ ಗಿರಕಿ ಹೊಡೆಯುವುದಿಲ್ಲ, ತಿರುಗದೆ ನೇರ ಹೊರಗೆ ಸರಿಯುತ್ತವೆ. ಜೂನ್‌ನ ಮೊದಲ ಮಳೆಗೆ ರಸ್ತೆಯ ಎಣ್ಣೆ, ಧೂಳು ನೆನೆದಾಗ ಮಾತ್ರ ಕಡಿಮೆ ವೇಗದಲ್ಲೂ ಆ ಮಿತಿ ಬೇಗ ಬಂದುಬಿಡುತ್ತದೆ.

ಆದರೆ ಆಟದಲ್ಲಿ ಒಂದು ಕೊರತೆ ಇದೆ. ನಿಜವಾದ ಕಾರು ಜಾರಲು ಶುರುವಾದರೆ ಕಣ್ಣಿಗಿಂತ ಮೊದಲು ಸೀಟಿನಲ್ಲಿ ಕೂತ ಮೈಗೆ ಗೊತ್ತಾಗುತ್ತದೆ, ಮನೆಯ ಕುರ್ಚಿಯಲ್ಲಿ ಅದು ಸಿಗುವುದಿಲ್ಲ. ಹಾಗಿದ್ದೂ ಆಟದಲ್ಲಿ ಕಲಿತದ್ದು ವ್ಯರ್ಥವಲ್ಲ. ಗ್ರ್ಯಾನ್ ಟುರಿಸ್ಮೊ ಎಂಬ ರೇಸ್ ಆಟದ ಆಟಗಾರರಿಗೆಂದು ನಡೆದ ಜಿಟಿ ಅಕಾಡೆಮಿ ಸ್ಪರ್ಧೆಯನ್ನು 2011ರಲ್ಲಿ ಗೆದ್ದ ಯಾನ್ ಮಾರ್ಡನ್‌ಬರೋ 2013ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಯ ರೇಸಿನಲ್ಲೇ ನಿಜವಾದ ಕಾರು ಓಡಿಸಿದರು.

ಇನ್ನು ನಿಮ್ಮ ಕೀಬೋರ್ಡ್. ನಿಜವಾದ ತೊಂದರೆ ಅದರದ್ದೇ ಜಾಸ್ತಿ. ಕಾಲಿನಲ್ಲಾದರೆ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಬಿಡಬಹುದು, ಕೀಲಿಗೆ ಒತ್ತುವುದು, ಬಿಡುವುದು ಎರಡೇ ಗೊತ್ತು. ಒಂದು ಗೇಮ್‌ಪ್ಯಾಡ್ ತಗೊಳ್ಳಿ, ಕೈಯಲ್ಲಿ ಹಿಡಿದು ಆಡುವ ಅದರ ಬ್ರೇಕ್ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ಬಿಡಬಹುದು. ನೇರ ರಸ್ತೆಯಲ್ಲೇ ಜೋರಾಗಿ ಬ್ರೇಕ್ ಹಾಕಿ, ಸ್ಟೇರಿಂಗ್ ತಿರುಗಿಸುತ್ತಾ ನಿಧಾನಕ್ಕೆ ಬಿಡಿ. 60 ಕಿ.ಮೀ. ವೇಗದ ಬದಲು 80ರಲ್ಲಿ ಬಂದರೆ ನಿಲ್ಲಿಸಲು ಹತ್ತಿರ ಹತ್ತಿರ 1.8 ಪಟ್ಟು ದೂರ ಬೇಕು, ಅಷ್ಟು ಮೊದಲೇ ಶುರು ಮಾಡಿ. ಸದ್ಯಕ್ಕೆ ಅದೇ ಆಟದ ಅಬಾರ್ಥ್ 500 ಆರಿಸಿಕೊಳ್ಳಿ, ಅದೂ ಮುಂದಿನ ಚಕ್ರ ಎಳೆಯುವ ಸಣ್ಣ ಕಾರು. ಮಾವನನ್ನೂ ಕೂರಿಸಿ ಓಡಿಸಲು ಹೇಳಿ, ಅದರ ನಡೆ ಅವರಿಗೆ ಗುರುತು ಸಿಗುತ್ತದೆ.