ಜಿಂಕೆ ಬೇಟೆ ಸೀಸನ್ ಮುಗಿದ ತಕ್ಷಣ ನನ್ನ ಅಮೆರಿಕನ್ ಕಲೀಗ್ಸ್ ಯಾಕೆ ಇಷ್ಟು ಮಂಕಾಗ್ತಾರೆ? ಕೊಲ್ಲೋ ಚಟ ತಾನೇ? ಮುಂದಿನ್ವರ್ಷ ನನ್ನನ್ನೂ ಕರೀತಿದಾರೆ, ಹೋಗ್ಲಾ ಬೇಡ್ವಾ?

ಚಟ ಅಂತ ನೀವೇ ತೀರ್ಪು ಕೊಟ್ಬಿಟ್ಟು ಆಮೇಲೆ ಪ್ರಶ್ನೆ ಕೇಳಿದೀರಲ್ಲ, ಅದಕ್ಕೇ ಬರೀತಿದೀನಿ. ಹತ್ತು ವರ್ಷದ ಹಿಂದೆ ನಾನೂ ಇದೇ ಮಾತು ಅಂದಿದ್ದೆ, ಇಲ್ಲೇ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ನವೆಂಬರ್ ನಾಲ್ಕನೇ ಗುರುವಾರ ಬರೋ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಸೋಮವಾರ ಕಾಫಿ ಮಷಿನ್ ಹತ್ರ ಸುಮ್ನೆ ನಿಂತಿದ್ದ ಒಬ್ಬನ್ನ ನೋಡಿ.

ಮೊದ್ಲು ಒಂದು ವಿಷ್ಯ. ಸೀಸನ್ ಮುಗೀತು ಅನ್ನೋದೇ ಪೂರ್ತಿ ನಿಜ ಅಲ್ಲ. ಮುಗಿಯೋದು ಒಂಬತ್ತು ದಿನದ ರೈಫಲ್ ಸೀಸನ್ ಅಷ್ಟೇ, ಥ್ಯಾಂಕ್ಸ್‌ಗಿವಿಂಗ್ ಹಿಂದಿನ ಶನಿವಾರ ಶುರುವಾಗಿ ಆಮೇಲಿನ ಭಾನುವಾರಕ್ಕೆ ಮುಗಿಯುತ್ತೆ. ಸೋಮವಾರದಿಂದ ಮಜಲ್‌ಲೋಡರ್, ಅಂದ್ರೆ ನಮ್ಮ ಕೇಪಿನ ಕೋವಿ ಥರ ಬಾಯಿಂದ ಮದ್ದು ತುಂಬೋದು, ಅದರ ಸೀಸನ್ ಶುರು. ಬಿಲ್ಲು ಬಾಣದ್ದು ಜನವರಿ ತನಕ ಇದೆ. ಕೊಲ್ಲೋ ಚಟ ಆಗಿದ್ರೆ ನಿಮ್ಮ ಕಲೀಗ್ ಸೋಮವಾರ ಆಫೀಸಿಗೆ ಯಾಕ್ರೀ ಬರ್ತಿದ್ದ, ಬೇರೆ ಆಯುಧ ತಗೊಂಡು ಕಾಡಿಗೇ ಹೋಗ್ತಿದ್ನಲ್ಲ. ಬಹಳಷ್ಟು ಜನ ಹೋಗಲ್ಲ. ಬೇಟೆಗೆ ಹಾಕೋ ಆರೆಂಜ್ ಜಾಕೆಟ್ ಗ್ಯಾರೇಜಲ್ಲಿ ನೇತಾಕಿ ಸುಮ್ನೆ ಬರ್ತಾರೆ. ಅದು ಯಾಕೆ ಅಂತ ನಂಗೆ ಗೊತ್ತಾಗೋಕೆ ಒಂದು ಹೆಣ್ಣು ಜಿಂಕೆ ಹಾಳಾಗಿ ಸಾಯಬೇಕಾಯ್ತು. ಅದನ್ನೇ ಹೇಳ್ತೀನಿ.

ನಮ್ಮೂರು ಕೊಪ್ಪದ ಕಡೆ. ಅಜ್ಜಯ್ಯನ ಹತ್ರ ತೋಟ ಕಾಯೋಕೆ ಅಂತ ಲೈಸೆನ್ಸ್ ಇದ್ದ ಕೋವಿ ಇತ್ತು, ಎಲೆಕ್ಷನ್ ಬಂದಾಗೆಲ್ಲ ಠಾಣೇಲಿ ಇಟ್ಟು ಬರೋದು, ಮುಗಿದ್ಮೇಲೆ ತರೋದು. ಮರಸು ಕೂರೋ, ಅಂದ್ರೆ ಮರದ ಮೇಲೆ ಪ್ರಾಣಿಗೆ ಕಾದು ಕೂರೋ ಕಥೆ, ಕಾಡುಕುರಿ ಕಥೆ, ಈಡು ಹೊಡೆದೋನಿಗೆ ಒಂದು ಪಾಲು ಜಾಸ್ತಿ, ಸೋವೋಕೆ, ಅಂದ್ರೆ ಗದ್ದಲ ಮಾಡಿ ಪ್ರಾಣಿ ಎಬ್ಬಿಸೋಕೆ ಹೋದೋರಿಗೂ ಪಾಲು, ನಾಯಿಗೂ ಪಾಲು, ಈ ಎಲ್ಲಾ ಕಥೆ ಕೇಳ್ಕೊಂಡು ಬೆಳೆದೋನು ನಾನು. ಎಲ್ಲಾ ಕಥೆ ಅಷ್ಟೇ. 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಹುಟ್ಟಿದೋರಿಗೆ ಅದು ಕಥೆಯಾಗೇ ಇರ್ಬೇಕು, ಅದರಲ್ಲಿ ನಂಗೇನೂ ತಕರಾರಿಲ್ಲ. ಊರಲ್ಲಿ ಕದ್ದು ಹೊಡೆಯೋರನ್ನ ಸಮರ್ಥಿಸೋಕೆ ಯಾರೂ ನನ್ನ ಉತ್ತರ ಬಳಸ್ಕೋಬೇಡಿ.

ಇಲ್ಲಿ ಪಕ್ಕದ್ಮನೆ ಯಜಮಾನ್ರು, ಎಪ್ಪತ್ತು ದಾಟಿದೋರು, ಹಾಲಿನ ಡೈರಿ ನಡೆಸಿ ನಿವೃತ್ತಿ ಆದೋರು, ನಮ್ಮ ಡ್ರೈವ್‌ವೇ ಹಿಮಾನ ಕೇಳ್ದೇನೇ ತಳ್ಳಿ ಹೋಗೋರು. ಅವರಿಗೆ ಊರಾಚೆ ನಲವತ್ತು ಎಕರೆ ಇದೆ. ಒಂದಿನ ಮರಸು ಕಥೆ ಹೇಳ್ದೆ. ಕೇಳಿ, ಹಂಗಾದ್ರೆ ಬಾ ಅಂದ್ರು. ನಂಗಾಗ ಗ್ರೀನ್ ಕಾರ್ಡ್ ಬಂದು ಎರಡು ವರ್ಷ. 1973ರಲ್ಲಿ ಇಲ್ಲಾ ಆಮೇಲೆ ಹುಟ್ಟಿದೋರು ಹಂಟರ್ ಎಜುಕೇಶನ್ ಅನ್ನೋ ಬೇಟೆ ಕ್ಲಾಸ್ ಮಾಡ್ಲೇಬೇಕು ಇಲ್ಲಿ, ಮೂವತ್ತೇಳನೇ ವಯಸ್ಸಲ್ಲಿ ಹನ್ನೆರಡು ವರ್ಷದ ಮಕ್ಕಳ ಮಧ್ಯೆ ಕೂತು ಪರೀಕ್ಷೆ ಬರ್ದೆ. ಪಾಸೂ ಆದೆ, ಅದೇ ನೋಡಿ ಆಮೇಲೆ ಹೆಚ್ಚು ನಾಚಿಕೆ ತಂದಿದ್ದು, ಯಾಕಂದ್ರೆ ನಾನು ಮಾಡಿದ ತಪ್ಪು ಆ ಕ್ಲಾಸಲ್ಲಿ ಹೇಳ್ಕೊಟ್ಟಿದ್ರು, ಪರೀಕ್ಷೇಲಿ ಬಂದೂ ಇತ್ತು, ಸರಿ ಉತ್ತರ ಟಿಕ್ಕೂ ಮಾಡಿದ್ದೆ.

ತಪ್ಪಿಗಿಂತ ಮುಂಚೆ ಫ್ರೀಜರ್. ಮಾಂಸಕ್ಕೆ ಅಂತ ಸೀಸನ್‌ಗೆ ಎರಡು ವಾರ ಮುಂಚೆನೇ ಬೇಸ್‌ಮೆಂಟಿಗೆ ದೊಡ್ಡ ಫ್ರೀಜರ್ ತಂದಿಟ್ಟಿದ್ದೆ. ಕನ್ನಡ ಕೂಟದ ವಾಟ್ಸಾಪ್ ಗ್ರೂಪಲ್ಲಿ ಆರೆಂಜ್ ಜಾಕೆಟ್ ಫೋಟೋನೂ ಹಾಕಿದ್ದೆ. ಓಪನಿಂಗ್ ಶನಿವಾರ ಏನಿಲ್ಲ, ಭಾನುವಾರ ಏನಿಲ್ಲ, ಥ್ಯಾಂಕ್ಸ್‌ಗಿವಿಂಗ್ ಶುಕ್ರವಾರ ಒಂದು ಟರ್ಕಿ ಕೋಳಿ ಮರದ ಕೆಳಗೇ ಓಡಾಡ್ತು ಅಷ್ಟೇ. ಮನೆಯವ್ಳು ದಿನಾ ಬೆಳಿಗ್ಗೆ "ಖಾಲಿ ಪೆಟ್ಟಿಗೆ ಕರೆಂಟ್ ಕುಡೀತಿದೆ ಕಣ್ರೀ" ಅಂತ ಒಂದೇ ಒಂದು ಮಾತು ಹೇಳಿ ಸುಮ್ನಾಗೋಳು.

ಕೊನೇ ಭಾನುವಾರ ಮಧ್ಯಾಹ್ನ ಯಜಮಾನ್ರ ಜೊತೆ ಟ್ರಕ್ಕಲ್ಲಿ ಹೋದೆ. ಅವರು ತಮ್ಮ ಬಂದೂಕು ತಗೊಂಡ್ರು, ಗುಂಡಿನ ಡಬ್ಬಿ ಸೀಟ್ ಮೇಲೇ ಬಿಟ್ರು. ಮರ್ತ್ರಿ ಅಂದೆ. "ಕೊನೇ ಸಂಜೆ ನಾನು ತುಂಬಲ್ಲ" ಅಂದ್ರು. ಯಾಕೆ ಅಂದಿದ್ದಕ್ಕೆ ನೋಡ್ತಾ ಕೂತಿರ್ತೀನಿ ಅಂತಷ್ಟೇ ಅಂದು ಓಕ್ ಮರಗಳ ಕಡೆ ಹೋದ್ರು. ಮುದುಕರಿಗೆ ಇವೆಲ್ಲಾ ಇದ್ದಿದ್ದೇ ಅಂದ್ಕೊಂಡು ನಾನು ಅವರು ಕೊಟ್ಟಿದ್ದ ಹಳೇ ಥರ್ಟಿ-ಥರ್ಟಿ ರೈಫಲ್ಲಿಗೆ ಐದು ತೋಟಾ ತುಂಬ್ಕೊಂಡು ಹೊಲದ ಅಂಚಿನ ಅಟ್ಟಣೆ ಹತ್ತಿದೆ.

ನವೆಂಬರ್ ಕೊನೇಲಿ ಇಲ್ಲಿ ನಾಲ್ಕೂ ಇಪ್ಪತ್ತೈದರ ಹೊತ್ತಿಗೆ ಸೂರ್ಯ ಮುಳುಗ್ತಾನೆ. ಅದಾದ ಇಪ್ಪತ್ತು ನಿಮಿಷಕ್ಕೆ ಶೂಟಿಂಗ್ ಟೈಮ್ ಮುಗೀತು, ಆಮೇಲೆ ಗುಂಡು ಹಾರಿಸಿದ್ರೆ ಕೇಸು. ನಾಲ್ಕೂ ಮೂವತ್ತೆಂಟು. ಕಟಾವಾದ ಮುಸುಕಿನ ಜೋಳದ ಹೊಲಕ್ಕೆ ಒಂದು ಹೆಣ್ಣು ಇಳೀತು, ಎಂಬತ್ತು ಗಜ. ಆರಾಮಾಗಿ ಮೇಯ್ತಿತ್ತು. ಆದ್ರೆ ನನ್ನ ಕಡೆಗೆ ಓರೆಯಾಗಿ ಮುಖ ಮಾಡಿ ನಿಂತಿತ್ತು. ಹಂಗೆ ನಿಂತಾಗ ಹೊಡೀಬಾರ್ದು, ಅಡ್ಡ ತಿರುಗೋ ತನಕ ಕಾಯಬೇಕು, ಯಾಕಂದ್ರೆ ಭುಜದ ಹಿಂದೆ ಅಂತ ಗುರಿಯಿಟ್ಟಿದ್ದು ಶ್ವಾಸಕೋಶ ಬಿಟ್ಟು ಓರೆಯಾಗಿ ಹೊಟ್ಟೆಗೆ ಹೋಗುತ್ತೆ. ನಾನು ಜಿಂಕೆ ನೋಡ್ತಿರ್ಲಿಲ್ಲ ಅನ್ಸುತ್ತೆ, ವಾಚ್ ನೋಡ್ತಿದ್ದೆ. ಹೊಡೆದೆ.

ಬಿದ್ದಿಲ್ಲ. ಎಗರಿ ಓಡಲೂ ಇಲ್ಲ. ಬೆನ್ನು ಗೂನು ಮಾಡ್ಕೊಂಡು, ಬಾಲ ಒಳಗೆ ಮುದುರ್ಕೊಂಡು, ಹೊಟ್ಟೆನೋವು ಬಂದ ಮಗು ನಡೆದ ಹಂಗೆ ನಿಧಾನಕ್ಕೆ ಬೇಲಿ ಕಡೆ ಹೋಯ್ತು.

ಈಗ ನೋಡಿ, ಗುರಿ ತಪ್ಪಿದ್ದು ತಪ್ಪೇ, ಆದ್ರೆ ನಾನು ಹೇಳ್ತಿರೋ ತಪ್ಪು ಅದಲ್ಲ. ಗುರಿ ಎಲ್ರಿಗೂ ತಪ್ಪುತ್ತೆ. ನನ್ನ ತಪ್ಪು ಅದಾದ ಐದನೇ ನಿಮಿಷಕ್ಕೆ ಅಟ್ಟಣೆ ಇಳಿದಿದ್ದು. ಬರೀ ಇಳಿದಿದ್ದು, ಇನ್ನೇನಿಲ್ಲ. ಸ್ವಲ್ಪ ಬಿಡಿಸಿ ಹೇಳ್ತೀನಿ, ಬೋರಾದ್ರೂ ಓದಿ. ಶ್ವಾಸಕೋಶಕ್ಕೆ ಬಿದ್ರೆ ಜಿಂಕೆ ಜೋರಾಗಿ ಓಡಿ ನೂರು ಗಜದೊಳಗೆ ಬೀಳುತ್ತೆ, ರಕ್ತದಲ್ಲಿ ನೊರೆ ಇರುತ್ತೆ, ಅರ್ಧ ಗಂಟೆ ಕಾದು ಹೋದ್ರೆ ಸಾಕು. ಪಿತ್ತಕೋಶದ ಹತ್ರ ಲಿವರ್‌ಗೆ ಬಿದ್ರೆ ರಕ್ತ ಕಡುಗೆಂಪು, ಮೂರ್ನಾಲ್ಕು ಗಂಟೆ ಕಾಯಬೇಕು. ಹೊಟ್ಟೆಗೆ ಬಿದ್ರೆ ಜಿಂಕೆ ಸಾಯೋದು ಖಂಡಿತ, ಆದ್ರೆ ಎಂಟು ಹತ್ತು ಗಂಟೆ ಬೇಕಾಗ್ಬೋದು. ಆ ಹೊತ್ತಲ್ಲಿ ಅದಕ್ಕೆ ಓಡೋ ಮನಸ್ಸಿರಲ್ಲ, ಹತ್ರದಲ್ಲೇ ಪೊದೆ ನೋಡಿ ಮಲಗುತ್ತೆ, ನೀವು ತೊಂದ್ರೆ ಕೊಡ್ದೇ ಇದ್ರೆ ಅಲ್ಲೇ ಪ್ರಾಣ ಬಿಡುತ್ತೆ. ನೀವು ಹೋಗಿ ಎಬ್ಬಿಸಿದ್ರೋ, ಮುಗೀತು. ಅರ್ಧ ಮೈಲಿ ಒಂದು ಮೈಲಿ ಎಳ್ಕೊಂಡು ಹೋಗುತ್ತೆ, ಕೊಬ್ಬು ಕರುಳು ಬಂದು ತೂತು ಮುಚ್ಕೊಂಡು ರಕ್ತ ಹೊರಗೆ ಬೀಳೋದೂ ನಿಂತೋಗುತ್ತೆ. ಇದು ನಂಗೆ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಇಳಿದೆ ಅಂದ್ರೆ ಎರಡು ಕಾರಣ. ಹಿಮ ಇದೆ, ಹೆಜ್ಜೆ ಕಾಣುತ್ತೆ, ಸುಲಭ ಅಂದ್ಕೊಂಡಿದ್ದು ಒಂದು. ಇನ್ನೊಂದು, ಎರಡು ನಿಮಿಷ ಬಾಕಿ ಇದೆ, ಈಗ್ಲೇ ಹೋಗಿ ಇನ್ನೊಂದು ಗುಂಡು ಹೊಡೆದ್ರೆ ಕಾನೂನು ಪ್ರಕಾರ ನನ್ನ ಜಿಂಕೆ, ತಡ ಮಾಡಿದ್ರೆ ಬಂದೂಕು ಖಾಲಿ ಮಾಡ್ಬೇಕು, ಇವತ್ತು ಬಿಟ್ರೆ ಇನ್ನೊಂದು ವರ್ಷ. ಈ ಲೆಕ್ಕ. ಇದೇ ಜಿಂಕೆ ಮೊದಲನೇ ಶನಿವಾರ ಬಂದಿದ್ರೆ ನಾನು ಕಾಯ್ತಿದ್ದೆ, ದೇವರಾಣೆ ಕಾಯ್ತಿದ್ದೆ.

ಗುಂಡು ಬಿದ್ದ ಜಾಗದಲ್ಲಿ ಹಿಮದ ಮೇಲೆ ಕಪ್ಪಗಿನ ನಾಲ್ಕು ಹನಿ, ಅದರ ಜೊತೆ ಹಸಿರು ಪಸೆ, ಅರೆದ ಜೋಳದ ಚೂರು. ಕೊಟ್ಟಿಗೆ ವಾಸನೆ. ಅಲ್ಲಾದ್ರೂ ನಿಲ್ಲಬೇಕಿತ್ತು. ಬೇಲಿ ಪಕ್ಕ ಸುಮಾರು ನೂರಿಪ್ಪತ್ತು ಹೆಜ್ಜೆ ಆದ್ಮೇಲೆ ಅದು ಮಲಗಿದ್ದ ಜಾಗ ಸಿಕ್ತು. ಮೈ ಆಕಾರಕ್ಕೆ ಹಿಮ ಕರಗಿ ಕೆಳಗಿನ ಹುಲ್ಲು ಕಾಣ್ತಿತ್ತು, ಗ್ಲೌಸ್ ತೆಗ್ದು ಮುಟ್ಟಿದೆ, ಇನ್ನೂ ಬಿಸಿ. ನಾನು ಬರೋ ಸದ್ದಿಗೆ ಆಗಷ್ಟೇ ಎದ್ದು ಹೋಗಿತ್ತು. ಅಲ್ಲಿಂದ ಹೆಜ್ಜೆ ಮುಳ್ಳುತಂತಿ ದಾಟಿ ಬೇರೆಯವರ ಜಮೀನಿಗೆ ಹೋಗಿತ್ತು, ಅವರ ಪರ್ಮಿಶನ್ ಇಲ್ದೆ ಕಾಲಿಡೋ ಹಾಗಿಲ್ಲ. ಮನೇಲಿ ದೀಪ ಇಲ್ಲ.

ಯಜಮಾನ್ರು ಟಾರ್ಚ್ ಹಿಡ್ಕೊಂಡು ಬಂದ್ರು. ಹಿಮ ಚಿವುಟಿ ಮೂಗಿನ ಹತ್ರ ಹಿಡಿದ್ರು. "ಎಷ್ಟೊತ್ತು ಕಾದೆ?" ಐದು ನಿಮಿಷ ಅಂದೆ. ಏನೂ ಅನ್ನಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. "ಬೆಳಿಗ್ಗೆ ಅವರಿಗೆ ಫೋನ್ ಮಾಡೋಣ, ಈಗ ಊಟಕ್ಕೆ ನಡಿ" ಅಂದ್ರು.

ಊಟ ಅಂದ್ರೆ ಅವರ ಗ್ಯಾರೇಜಲ್ಲಿ, ಕೊನೇ ಭಾನುವಾರ ಪ್ರತಿವರ್ಷ. ಹನ್ನೊಂದು ಜನ, ಮೂರು ತಲೆಮಾರು. ಕಬ್ಬಿಣದ ಬಾಣಲೇಲಿ ಬೆಣ್ಣೆ, ಈರುಳ್ಳಿ, ಟೆಂಡರ್‌ಲಾಯ್ನ್ ಅಂತಾರಲ್ಲ ಬೆನ್ನಿನ ಒಳಗಿನ ಎರಡು ಪಟ್ಟಿ, ಅದು. ಒಬ್ಬರೇ ಹೊಡೆದಿದ್ರೂ ಎಲ್ರಿಗೂ. ಗೋಡೆ ಮೊಳೆಗೆ ಒಂದು ಹಳೇ ಕೆಂಪು ಟೋಪಿ ನೇತಾಡ್ತಿತ್ತು, ಯಜಮಾನ್ರ ತಮ್ಮಂದು, ಆರು ವರ್ಷ ಆಗಿತ್ತಂತೆ ಹೋಗಿ. ನಾನು ಬರೋಕ್ಮುಂಚೆನೇ ಸುದ್ದಿ ಬಂದಿತ್ತು ಕಾಣುತ್ತೆ, ಯಾರೂ ಕೇಳಲಿಲ್ಲ. ಆದ್ರೆ ಒಬ್ಬ, ಪ್ಲಂಬರ್ ಕೆಲಸ ಮಾಡೋನು, ತಟ್ಟೆ ನೋಡ್ತಾನೇ ತಾನು ಹದಿನೇಳನೇ ವಯಸ್ಸಲ್ಲಿ ಕಳ್ಕೊಂಡ ಜಿಂಕೆ ಕಥೆ ಹೇಳ್ದ. ಆಮೇಲೆ ಅವನ ಅಪ್ಪ ತಮ್ಮ ಕಥೆ ಹೇಳಿದ್ರು. ಒಬ್ಬೊಬ್ರೇ. ಹೊಡೆದಿದ್ದರ ಕಥೆ ಆ ರಾತ್ರಿ ಒಂದೂ ಬರಲಿಲ್ಲ, ಎಲ್ಲಾ ಕಳ್ಕೊಂಡಿದ್ದು, ತಪ್ಪಿದ್ದು, ಹುಡುಕಿ ಸಿಗದೇ ಇದ್ದಿದ್ದು. ಯಾವ ವರ್ಷ, ಯಾವ ಮರ, ಗಾಳಿ ಯಾವ ಕಡೆಯಿಂದ ಅನ್ನೋ ತನಕ ನೆನಪು. ಎದ್ದು ಹೋಗೋವಾಗ ಒಬ್ಬೊಬ್ರೂ ಯಜಮಾನ್ರ ಕೈ ಸ್ವಲ್ಪ ಹೆಚ್ಚೊತ್ತು ಹಿಡ್ಕೊಂಡ್ರು. ಮುಂದಿನ ವರ್ಷ ಅಂದ್ರು. ಅವರಿಗೆ ಆಗ ಎಪ್ಪತ್ನಾಲ್ಕು.

ಸೋಮವಾರ ನಿಮ್ಮ ಆಫೀಸಲ್ಲಿ ಮಂಕಾಗಿ ಕೂತಿರೋದು ಈ ಗ್ಯಾರೇಜಿಂದ ಬಂದಿರೋ ಮನುಷ್ಯ ಕಣ್ರೀ. ಇನ್ನು ಹನ್ನೊಂದೂವರೆ ತಿಂಗಳು ಆ ಹನ್ನೊಂದು ಜನ ಒಟ್ಟಿಗೆ ಸೇರಲ್ಲ. ಸೇರೋ ಹೊತ್ತಿಗೆ ಹತ್ತೇ ಜನ ಇರ್ಬೋದು.

ನನ್ನ ಜಿಂಕೆ ವಿಷ್ಯ. ಸೋಮವಾರ ರಜಾ ಹಾಕಿ, ಆ ಮನೆಯವರನ್ನ ಕೇಳಿ, ಒಂಬತ್ತು ಗಂಟೆಗೆ ಜೌಗಿನ ಆಪು ಹುಲ್ಲಿನ ಮಧ್ಯೆ ಸಿಕ್ತು, ಮುಕ್ಕಾಲು ಮೈಲಿ ದೂರ. ಹಿಂಭಾಗ ರಾತ್ರೀನೇ ಕಯೋಟಿಗಳು, ನಮ್ಮ ಗುಳ್ಳೆನರಿ ಥರದವು, ತಿಂದಿದ್ವು. ಬಿಟ್ಟು ಹೋಗೋಣ ಅಂದೆ. ಯಜಮಾನ್ರು ಮೊದಲನೇ ಸಲ ಸ್ವಲ್ಪ ಗಟ್ಟಿಯಾಗಿ "ನಿನ್ನದು, ನೀನೇ ತಗೋ" ಅಂದ್ರು. ಮೈನಸ್ ಎಂಟರ ಚಳೀಲಿ ಆ ಒಡೆದ ಹೊಟ್ಟೆ ವಾಸನೇಲಿ ಮಂಡಿಯೂರಿ ಚಾಕು ಹಿಡಿದೆ, ಎರಡು ಸಲ ವಾಂತಿ ಆಯ್ತು. ಮುಂದಿನ ಎರಡು ಕಾಲು, ಕುತ್ತಿಗೆ ಉಳೀತು. ಮಾರನೇ ದಿನ ಸಂಜೆ ಐದರೊಳಗೆ ರಿಜಿಸ್ಟರ್ ಮಾಡ್ಬೇಕು ಅಂತ ರೂಲ್ಸ್ ಇದೆ, ಅದನ್ನೂ ಮಾಡ್ಸಿದ್ರು. ತಲೆ ಜೊತೆ ಐದಿಂಚು ಕುತ್ತಿಗೆ ಬಿಟ್ಟು ಚೀಲಕ್ಕೆ ಹಾಕಿ ಸ್ಯಾಂಪಲ್ ಪೆಟ್ಟಿಗೇಲಿ ಇಟ್ಟು ಬಂದ್ವಿ. 2002ರಿಂದ ಇಲ್ಲಿನ ಜಿಂಕೆಗಳಲ್ಲಿ ಸಿಡಬ್ಲ್ಯೂಡಿ ಅಂತ ಮೆದುಳಿನ ಕಾಯಿಲೆ ಇದೆ, ರಿಪೋರ್ಟ್ ಬರೋ ತನಕ ತಿನ್ನಬೇಡಿ. ಎರಡು ವಾರ ಆ ದೊಡ್ಡ ಫ್ರೀಜರಲ್ಲಿ ಮೂಲೇಲಿ ಮೂರು ಪ್ಯಾಕೆಟ್. ಕಾಯಿಲೆ ಇಲ್ಲ ಅಂತ ಬಂತು. ಮೆಣಸು ಅರೆದು ಸಾರು ಮಾಡಿದ್ವಿ, ಯಜಮಾನ್ರಿಗೂ ಒಂದು ಡಬ್ಬಿ ಕೊಟ್ಟೆ, ಖಾರಕ್ಕೆ ಕಣ್ಣೀರು ಸುರಿಸ್ಕೊಂಡು ಪೂರ್ತಿ ತಿಂದ್ರು.

ಕೊಲ್ಲೋದು ಸರಿನಾ ಅಂತ ಕಾಮೆಂಟಲ್ಲಿ ಬರೋರಿಗೆ: ತೋಳ ಹೋದ ಕಡೆ, ಜೋಳ ಸೋಯಾ ತಿಂದು ಜಿಂಕೆ ಹೆಚ್ಚಾದ ಕಡೆ ಎಳೇ ಮರ ಮೇಲೇಳಲ್ಲ. ಹೆಣ್ಣು ಜಿಂಕೆನೂ ಹೊಡೀಬೇಕು ಅಂತ 1940ರ ದಶಕದಲ್ಲೇ ಇಲ್ಲಿನ ವನ್ಯಜೀವಿ ವಿಜ್ಞಾನಿ ಆಲ್ಡೋ ಲಿಯೋಪೋಲ್ಡ್ ವಾದ ಮಾಡಿ ಬೇಟೆಗಾರರಿಂದಲೇ ಬೈಸ್ಕೊಂಡಿದ್ರು. ಬಂದೂಕು ಗುಂಡಿನ ಮೇಲಿನ ತೆರಿಗೆ 1937ರಿಂದ ವನ್ಯಜೀವಿ ಕೆಲಸಕ್ಕೇ ಹೋಗುತ್ತೆ. ಇಷ್ಟು ಸಾಕು, ವಾದ ಬೇಕಿದ್ರೆ ಬೇರೆ ಪ್ರಶ್ನೆ ಕೇಳಿ.

ಹೋಗ್ಲಾ ಅಂತ ಕೇಳಿದೀರಿ. ಹೋಗಿ. ಬಂದೂಕು ಬೇಡ. ಯಾವ ವೀಸಾ ಅಂತ ಬರ್ದಿಲ್ಲ ನೀವು, ಎಚ್1ಬಿ ಥರದ ವೀಸಾದೋರು ಬಂದೂಕು ಇಟ್ಕೊಳ್ಳೋದು ಇಲ್ಲಿನ ಫೆಡರಲ್ ಕಾನೂನಲ್ಲಿ ಅಪರಾಧ, ಹಂಟಿಂಗ್ ಲೈಸೆನ್ಸ್ ಇದ್ರೆ ವಿನಾಯಿತಿ ಇದೆ, ಆದ್ರೆ ಕಲೀಗ್ ಮಾತು ನಂಬ್ಕೊಂಡು ಹಿಡೀಬೇಡಿ, ಲಾಯರ್ ಕೇಳಿ. ಕಾನೂನು ಬಿಟ್ಟು ಹೇಳ್ತೀನಿ, ಮೊದಲನೇ ವರ್ಷ ಬರೀ ಪಕ್ಕದಲ್ಲಿ ಕೂರಿ, ಹೊಟ್ಟೆ ಬಗೆಯೋವಾಗ ಕಾಲು ಹಿಡ್ಕೊಳ್ಳಿ. ಅದಾಗಲ್ಲ ಅಂದ್ರೆ ಟ್ರಿಗರ್ ಎಳೆಯೋ ಯೋಗ್ಯತೆನೂ ಇಲ್ಲ ಅಂತ ನನ್ನ ಅಭಿಪ್ರಾಯ, ಬೇಜಾರಾದ್ರೂ ಪರ್ವಾಗಿಲ್ಲ. ಎಲ್ರೂ ಓಪನಿಂಗ್ ಡೇಗೆ ಕರೀತಾರೆ. ನೀವು ಕೊನೇ ಭಾನುವಾರ ಬರ್ತೀನಿ ಅನ್ನಿ. ಎರಡು ಜೊತೆ ಉಣ್ಣೆ ಸಾಕ್ಸ್ ತಗೊಂಡೋಗಿ, ಒಂದು ಜೊತೆ ಒದ್ದೆ ಆಗೇ ಆಗುತ್ತೆ. ಊಟಕ್ಕೆ ಏನು ತರ್ಲಿ ಅಂತ ಕೇಳಿದ್ರೆ ಏನೂ ಬೇಡ ಅಂತಾರೆ, ನಾನು ಮಾವಿನಕಾಯಿ ಉಪ್ಪಿನಕಾಯಿ ತಗೊಂಡೋಗ್ತೀನಿ, ಈಗ ಅವರೇ ಅಕ್ಟೋಬರಲ್ಲಿ ಜ್ಞಾಪಿಸ್ತಾರೆ.