ಸ್ಟೆಂಟ್ ಹಾಕಿಸಿಕೊಂಡವರು ಚೀಸ್ ತಿನ್ನಬಹುದೇ?

ಪ್ರಶ್ನೆ: ನಮ್ಮ ಯಜಮಾನರಿಗೆ 58 ವರ್ಷ. ಕಳೆದ ವರ್ಷ ಹೃದಯಾಘಾತವಾಗಿ ಒಂದು ಸ್ಟೆಂಟ್ ಹಾಕಿದ್ದಾರೆ. ಅಂದಿನಿಂದ ಮನೆಯಲ್ಲಿ ಬೆಣ್ಣೆ, ತುಪ್ಪ ಕಡಿಮೆ ಮಾಡಿದ್ದೇವೆ. ಈಚೆಗೆ ನೆದರ್ಲೆಂಡ್ಸ್‌ನಲ್ಲಿರುವ ಮಗನ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದೆವು. ಅಲ್ಲಿ ದಿನವೂ ಬೆಳಿಗ್ಗೆ ಬ್ರೆಡ್ಡಿನ ಜೊತೆ ಚೀಸ್ ತಿನ್ನುವುದು ರೂಢಿಯಾಯಿತು. ಚೀಸ್ ಹೃದಯಕ್ಕೆ ಒಳ್ಳೆಯದೆಂದು ಸಂಶೋಧನೆಗಳು ಹೇಳುತ್ತವೆ ಎನ್ನುತ್ತಾನೆ ಮಗ. ಊರಿಗೆ ಬಂದ ಮೇಲೂ ಇವರು ದಿನಕ್ಕೆ ಮೂರು ಚೀಸ್ ಸ್ಲೈಸ್ ತಿನ್ನುತ್ತಿದ್ದಾರೆ. ಮೊನ್ನೆಯ ರಕ್ತಪರೀಕ್ಷೆಯಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 104 ಬಂದಿದೆ. ಕೊಲೆಸ್ಟರಾಲ್ ಮಾತ್ರೆ ಇನ್ನು ಬೇಡ ಎನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಾತ್ರೆಯ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಕಳವಳ ತಂದದ್ದು ಚೀಸ್‌ಗಿಂತ ಹೆಚ್ಚಾಗಿ ಆ ಕೊನೆಯ ಮಾತು. ಹೃದಯಾಘಾತವಾದವರಲ್ಲಿ ಎಲ್‌ಡಿಎಲ್ 70ಕ್ಕಿಂತ ಕೆಳಗಿರಬೇಕು, ಸಾಧ್ಯವಾದರೆ 55ಕ್ಕಿಂತಲೂ ಕೆಳಗಿಳಿಯಬೇಕು. 104 ಎಂಬುದು ಮಾತ್ರೆ ನಿಲ್ಲಿಸುವ ಅಂಕಿಯಲ್ಲ. ಈಗಿನ ಪ್ರಮಾಣ ಸಾಕೇ ಎಂದು ಹೃದ್ರೋಗ ತಜ್ಞರನ್ನು ಈ ವಾರವೇ ಕೇಳಬೇಕಾದ ಅಂಕಿ. ಸ್ಟೆಂಟ್ ತೆರೆದಿರುವುದು ಒಂದು ಕಡೆಯ ಅಡಚಣೆಯನ್ನು ಮಾತ್ರ. ಉಳಿದ ರಕ್ತನಾಳಗಳ ಗೋಡೆಯಲ್ಲಿ ಕೊಬ್ಬು ಬೆಳೆಯದಂತೆ ತಡೆಯುವ ಕೆಲಸದಲ್ಲಿ ಆ ಮಾತ್ರೆಯ ಪಾಲು ದೊಡ್ಡದು. ಯಜಮಾನರು ಈಗಾಗಲೇ ನಾಲ್ಕು ದಿನ ಮಾತ್ರೆ ಬಿಟ್ಟಿದ್ದರೆ ಅದನ್ನೂ ಮುಚ್ಚಿಡದೆ ವೈದ್ಯರಿಗೆ ತಿಳಿಸಿ.

ಇನ್ನು ನಿಮ್ಮ ಮಗನ ಮಾತು. ಅದು ಸುಳ್ಳಲ್ಲ, ಆದರೆ ಅರ್ಧಕ್ಕೆ ನಿಂತಿದೆ. ಚೀಸ್‌ನಲ್ಲಿ ಸ್ಯಾಚುರೇಟೆಡ್ ಕೊಬ್ಬು (ಬೆಣ್ಣೆ, ತುಪ್ಪದಲ್ಲಿರುವಂಥ, ತಣ್ಣಗಾದಾಗ ಗಟ್ಟಿಯಾಗುವ ಕೊಬ್ಬು) ಹೆಚ್ಚಿರುವುದರಿಂದ ಅದೂ ಬೆಣ್ಣೆಯ ಹಾಗೆಯೇ ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ ಎಂದು ನಾವು ವೈದ್ಯರು ಬಹುಕಾಲ ಹೇಳುತ್ತಾ ಬಂದೆವು. ಡೆನ್ಮಾರ್ಕಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಅದೇ ಜನರಿಗೆ ಆರು ವಾರ ದಿನಕ್ಕೆ 143 ಗ್ರಾಂ ಚೀಸ್, ಇನ್ನಾರು ವಾರ ಅಷ್ಟೇ ಕೊಬ್ಬಿರುವ 47 ಗ್ರಾಂ ಬೆಣ್ಣೆ ಕೊಟ್ಟು ನೋಡಿದರು. ಬೆಣ್ಣೆ ತಿಂದಾಗ ಇದ್ದುದಕ್ಕಿಂತ ಚೀಸ್ ತಿಂದಾಗ ಎಲ್‌ಡಿಎಲ್ ಸುಮಾರು ಶೇ 7ರಷ್ಟು ಕಡಿಮೆಯಿತ್ತು. ಕೊಬ್ಬು ಅಷ್ಟೇ ಇದ್ದರೂ ಫಲ ಬೇರೆಯಾಗಲು ಕಾರಣಗಳನ್ನು ಹೀಗೆ ಊಹಿಸಲಾಗಿದೆ: ಚೀಸ್‌ನಲ್ಲಿರುವ ಕ್ಯಾಲ್ಸಿಯಂ ಕರುಳಿನಲ್ಲಿ ಕೊಬ್ಬಿನ ಆಮ್ಲಗಳೊಂದಿಗೆ ಕೂಡಿ ಕರಗದ ಸಾಬೂನಿನಂತಾಗುತ್ತದೆ, ಅದರಲ್ಲಿ ಒಂದು ಭಾಗ ಮಲದಲ್ಲಿ ಹೊರಗೆ ಹೋಗುತ್ತದೆ. ಹಾಲಿನ ಕೊಬ್ಬಿನ ಹನಿಗಳನ್ನು ಸುತ್ತಿರುವ ತೆಳುಪೊರೆ ಮೊಸರು ಕಡೆದಾಗ ಒಡೆದು ಹೆಚ್ಚಿನಂಶ ಮಜ್ಜಿಗೆಯ ಪಾಲಾಗುತ್ತದೆ, ಚೀಸ್‌ನಲ್ಲಿ ಬಹುಪಾಲು ಉಳಿದುಕೊಂಡು ಕೊಲೆಸ್ಟರಾಲ್ ಏರುವುದನ್ನು ತಗ್ಗಿಸುತ್ತಿರಬಹುದು.

ಇಲ್ಲಿ ಗಮನಿಸಬೇಕಾದ ಮಾತು ‘ಬೆಣ್ಣೆಗೆ ಹೋಲಿಸಿದರೆ’ ಎಂಬುದು. ಬೆಣ್ಣೆಯ ಬದಲು ಚೀಸ್ ತಿಂದವರಿಗೆ ಲಾಭವಾಯಿತೆಂದ ಮಾತ್ರಕ್ಕೆ ಬೇಳೆ, ಕಾಳು, ಶೇಂಗಾ, ರಾಗಿಯ ಬದಲು ಚೀಸ್ ತಿಂದವರಿಗೂ ಲಾಭವಾಗುತ್ತದೆ ಎಂದಾಗುವುದಿಲ್ಲ. ಅಮೆರಿಕದಲ್ಲಿ ಲಕ್ಷಾಂತರ ಜನರ ಆಹಾರಕ್ರಮವನ್ನು ದಶಕಗಳ ಕಾಲ ಗಮನಿಸಿ 2016ರಲ್ಲಿ ಪ್ರಕಟಿಸಿದ ಲೆಕ್ಕಾಚಾರದಂತೆ, ದಿನದ ಒಟ್ಟು ಶಕ್ತಿಯಲ್ಲಿ ಶೇ 5ರಷ್ಟನ್ನು ಹಾಲಿನ ಕೊಬ್ಬಿನ ಬದಲು ಬಹು-ಅಪರ್ಯಾಪ್ತ ಕೊಬ್ಬಿರುವ (ಸೂರ್ಯಕಾಂತಿ, ಸೋಯಾದಂಥ) ಎಣ್ಣೆಗಳಿಂದ ಪಡೆದರೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯ ಅಪಾಯ ಶೇ 24ರಷ್ಟು, ಇಡೀ ಧಾನ್ಯಗಳಿಂದ ಪಡೆದರೆ ಶೇ 28ರಷ್ಟು ಕಡಿಮೆ. ಹೀಗಾಗಿ ತಟ್ಟೆಯಲ್ಲಿ ಚೀಸ್ ಯಾವುದರ ಜಾಗಕ್ಕೆ ಬಂದಿದೆ ಎಂದು ನಾನು ರೋಗಿಗಳನ್ನು ಮೊದಲು ಕೇಳುತ್ತೇನೆ. ಬೆಣ್ಣೆ ದೋಸೆಯ ಊರಿನವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬೆಣ್ಣೆಯನ್ನು ಇಳಿಸದೆ ಅದರ ಮೇಲೆಯೇ ಚೀಸ್ ತುರಿದರೆ ಆ ಡೆನ್ಮಾರ್ಕಿನ ಪ್ರಯೋಗದಿಂದ ನಮಗೆ ದಕ್ಕುವುದು ಏನೂ ಇಲ್ಲ.

ನಮ್ಮ ಜನರನ್ನೂ ಒಳಗೊಂಡ ಅಧ್ಯಯನ ಇದೆಯೇ ಎಂದು ಓದುಗರು ಆಗಾಗ ಕೇಳುತ್ತಾರೆ. ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಅವರ ನೇತೃತ್ವದ ‘ಪ್ಯೂರ್’ ಅಧ್ಯಯನ ಭಾರತವೂ ಸೇರಿದಂತೆ 21 ದೇಶಗಳ 1,36,000ಕ್ಕೂ ಹೆಚ್ಚು ಜನರನ್ನು ಸುಮಾರು ಒಂಬತ್ತು ವರ್ಷ ಹಿಂಬಾಲಿಸಿತು. 2018ರಲ್ಲಿ ಪ್ರಕಟವಾದ ವರದಿಯಲ್ಲಿ, ಹಾಲಿನ ಪದಾರ್ಥಗಳನ್ನು ದಿನಕ್ಕೆ ಎರಡು ಪಾಲಿಗಿಂತ ಹೆಚ್ಚು ಸೇವಿಸುವವರಲ್ಲಿ ಸಾವು ಮತ್ತು ಪಾರ್ಶ್ವವಾಯು ಕಡಿಮೆ ಕಂಡವು. ಆದರೆ ಆ ಒಳಿತು ಸ್ಪಷ್ಟವಾಗಿ ಕಂಡದ್ದು ಹಾಲು, ಮೊಸರಿನ ವಿಷಯದಲ್ಲಿ. ಚೀಸ್‌ನ ಮಟ್ಟಿಗೆ ಒಳಿತೂ ಕೆಡುಕೂ ಖಚಿತವಾಗಿ ಕಾಣಲಿಲ್ಲ. ದಿನಕ್ಕೆ ಸುಮಾರು 40 ಗ್ರಾಂ ಚೀಸ್ ತಿನ್ನುವವರಲ್ಲಿ ಹೃದಯದ ಕಾಯಿಲೆ ತುಸು ಕಡಿಮೆ ಎಂದು 2017ರಲ್ಲಿ 15 ಅಧ್ಯಯನಗಳನ್ನು ಒಟ್ಟುಗೂಡಿಸಿದವರು ಹೇಳಿದ್ದಾರೆ, ನಿಜ. ಆದರೆ ಅವು ಹೆಚ್ಚಾಗಿ ಯುರೋಪ್, ಅಮೆರಿಕದ ಜನರ ಮೇಲೆ ನಡೆದವು. ಜನರನ್ನು ಗಮನಿಸಿದ ಅಧ್ಯಯನಗಳೇ ಹೊರತು ಪ್ರಯೋಗಗಳಲ್ಲ. ನಮ್ಮ ಕಡೆಯವರಿಗೆ ಮೊದಲ ಹೃದಯಾಘಾತ ಇತರ ದೇಶದವರಿಗಿಂತ ಐದಾರು ವರ್ಷ ಮೊದಲೇ, ಸರಾಸರಿ 53ರ ಆಸುಪಾಸಿನಲ್ಲಿ, ಆಗುತ್ತದೆ. ಅವರ ಅಂಕಿಗಳನ್ನು ಕಣ್ಣುಮುಚ್ಚಿ ನಮಗೆ ಅನ್ವಯಿಸಿಕೊಳ್ಳಲು ನನಗೆ ಧೈರ್ಯವಿಲ್ಲ.

ಯಜಮಾನರು ಅಲ್ಲಿ ತಿಂದ ಚೀಸ್ ತಿಂಗಳುಗಟ್ಟಲೆ ಮಾಗಿಸಿದ ಗೌಡಾದಂಥದ್ದು ಇರಬೇಕು. ಇಲ್ಲಿ ತಿನ್ನುತ್ತಿರುವುದು ಸಂಸ್ಕರಿಸಿದ ಸ್ಲೈಸ್. ಎರಡಕ್ಕೂ ಹೆಸರು ಒಂದೇ ಆದರೂ ಪದಾರ್ಥ ಒಂದೇ ಅಲ್ಲ. ಲೆಕ್ಕ ಹೇಳುವುದಾದರೆ, 30 ಗ್ರಾಂ ಚೆಡ್ಡಾರ್‌ನಲ್ಲಿ ಸುಮಾರು 6 ಗ್ರಾಂ ಸ್ಯಾಚುರೇಟೆಡ್ ಕೊಬ್ಬು ಇರುತ್ತದೆ. ಎಲ್‌ಡಿಎಲ್ ಇಳಿಸಬೇಕಾದವರಿಗೆ ಇಡೀ ದಿನಕ್ಕೆ ಸುಮಾರು 13 ಗ್ರಾಂ ಸಾಕು ಎನ್ನುತ್ತೇವೆ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಆ ತುಂಡಿನಲ್ಲೇ ಹತ್ತಿರ ಹತ್ತಿರ ಅರ್ಧ ಪಾಲು ಮುಗಿದಿರುತ್ತದೆ. ದಿನದ ಮೂರು ಸ್ಲೈಸ್ ನಿಲ್ಲಿಸಿ. ಆಸೆಯಾದರೆ ವಾರಕ್ಕೆ ಎರಡು ಬಾರಿ ಇಪ್ಪತ್ತೈದು, ಮೂವತ್ತು ಗ್ರಾಂ ಮಾಗಿದ ಚೀಸ್ ಕೊಡಿ, ಅದೂ ಆ ದಿನ ಬೆಣ್ಣೆ, ತುಪ್ಪ ಇಲ್ಲದಿದ್ದರೆ. ಎಲ್‌ಡಿಎಲ್ ಇಳಿಯುವವರೆಗೆ ಅಷ್ಟು ಸಾಕೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ನನಗೆ 46 ವರ್ಷ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಉಪ್ಪಿನಕಾಯಿ, ಹಪ್ಪಳ ಬಿಟ್ಟಿದ್ದೇನೆ. ಮಕ್ಕಳ ಡಬ್ಬಿಗೆಂದು ತರುವ ಚೀಸ್ ಸ್ಲೈಸನ್ನು ನಾನೂ ತಿನ್ನುತ್ತೇನೆ. ಅದು ಅಷ್ಟೇನೂ ಉಪ್ಪಾಗಿಲ್ಲವಲ್ಲ?
– ಓದುಗರೊಬ್ಬರು, ಮೈಸೂರು

ಉತ್ತರ: ನಾಲಿಗೆಯನ್ನು ನಂಬಬೇಡಿ, ಪೊಟ್ಟಣದ ಹಿಂಬದಿ ನೋಡಿ. ‘ಸೋಡಿಯಂ’ ಎಂಬ ಸಾಲಿನಲ್ಲಿ 100 ಗ್ರಾಂಗೆ 1,400 ಮಿಲಿಗ್ರಾಂ ಎಂದಿದ್ದರೆ, 20 ಗ್ರಾಂನ ಒಂದು ಸ್ಲೈಸ್‌ನಲ್ಲಿ 280 ಮಿಲಿಗ್ರಾಂ ಇದೆ ಎಂದರ್ಥ. ಎರಡು ಸ್ಲೈಸ್ ತಿಂದರೆ 560. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳಿರುವ ಮಿತಿ 2,000 ಮಿಲಿಗ್ರಾಂ, ಅಂದರೆ 5 ಗ್ರಾಂ ಉಪ್ಪು. ಎರಡೇ ಸ್ಲೈಸ್ ಕಾಲುಭಾಗಕ್ಕಿಂತ ಹೆಚ್ಚನ್ನು ನುಂಗಿಬಿಡುತ್ತವೆ, ಸಾರು ಪಲ್ಯದ ಉಪ್ಪಿನ ಲೆಕ್ಕ ಇನ್ನೂ ಶುರುವಾಗುವ ಮೊದಲೇ.

ಇಷ್ಟು ಸೋಡಿಯಂ ಏಕೆ ಎಂಬುದನ್ನು ನಿಮ್ಮ ಒಲೆಯ ಮೇಲೆಯೇ ನೋಡಬಹುದು. ಕಾದ ತವೆಯ ಮೇಲೆ ಒಂದು ಕಡೆ ಮಾಗಿದ ಚೆಡ್ಡಾರ್ ತುಂಡು, ಇನ್ನೊಂದು ಕಡೆ ಸ್ಲೈಸ್ ಇಡಿ. ಚೆಡ್ಡಾರ್ ಕರಗುತ್ತಿದ್ದಂತೆ ಅಂಚಿನಲ್ಲಿ ಹಳದಿ ಜಿಡ್ಡು ಬಿಡುತ್ತದೆ. ಸ್ಲೈಸ್ ಮಾತ್ರ ಜಿಡ್ಡು ಬಿಡದೆ ನುಣ್ಣಗೆ ಹರಡಿಕೊಳ್ಳುತ್ತದೆ. ಕೊಬ್ಬು ಬೇರ್ಪಡದಂತೆ ಹಿಡಿದಿಡಲು ಅದರಲ್ಲಿ ಸೋಡಿಯಂ ಸಿಟ್ರೇಟ್, ಸೋಡಿಯಂ ಫಾಸ್ಫೇಟ್‌ನಂಥ ಲವಣಗಳನ್ನು ಬೆರೆಸಿರುತ್ತಾರೆ. ಪೊಟ್ಟಣದ ಮೇಲೆ ಅವು 331, 339 ಎಂಬ ಸಂಖ್ಯೆಗಳಾಗಿ ಕಾಣುತ್ತವೆ. ಇವು ಅಡುಗೆ ಉಪ್ಪಿನಷ್ಟು ಉಪ್ಪಾಗಿರದ ಕಾರಣ ನಾಲಿಗೆಗೆ ಗೊತ್ತಾಗುವುದಿಲ್ಲ. ಉಪ್ಪಿನಕಾಯಿ ಬಿಡುವಷ್ಟು ಮನಸ್ಸು ಗಟ್ಟಿ ಮಾಡಿರುವ ನಿಮ್ಮ ಶ್ರಮ ಈ ಸ್ಲೈಸ್‌ನಿಂದ ವ್ಯರ್ಥವಾಗಬಾರದು. ನೀವು ಅದನ್ನು ಬಿಡುವುದು ಒಳ್ಳೆಯದು. ಮಕ್ಕಳ ಡಬ್ಬಿಗೂ ದಿನವೂ ಬೇಡ.

ಪ್ರಶ್ನೆ: ಚೀಸ್ ಬದಲು ಪನೀರ್ ಎಷ್ಟು ಬೇಕಾದರೂ ತಿನ್ನಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎಷ್ಟು ಬೇಕಾದರೂ ಅಲ್ಲ. ಹಾಲನ್ನು ನಿಂಬೆರಸದಿಂದ ಒಡೆಸಿ ಮಾಡುವ ಪನೀರ್‌ಗೆ ಉಪ್ಪು ಹಾಕುವುದಿಲ್ಲವಾದ್ದರಿಂದ ರಕ್ತದೊತ್ತಡ ಇರುವವರಿಗೆ ಅದು ಸ್ಲೈಸ್‌ಗಿಂತ ಖಂಡಿತ ಮೇಲು. ಆದರೆ ಗಟ್ಟಿ ಹಾಲಿನ 100 ಗ್ರಾಂ ಪನೀರ್‌ನಲ್ಲಿ 20 ಗ್ರಾಂಗೂ ಹೆಚ್ಚು ಕೊಬ್ಬು ಇರುತ್ತದೆ. ಅದು ಮಾಗಿಸಿದ ಪದಾರ್ಥವಲ್ಲದ ಕಾರಣ ಮೇಲೆ ಹೇಳಿದ ಚೀಸ್ ಅಧ್ಯಯನಗಳ ಫಲವನ್ನು ಅದಕ್ಕೆ ಹೊಂದಿಸಲೂ ಬಾರದು. ಕೆನೆ ತೆಗೆದ ಹಾಲಿನಿಂದ ಮನೆಯಲ್ಲೇ ಮಾಡಿಕೊಂಡರೆ ಕೊಬ್ಬು ಬಹಳ ಇಳಿಯುತ್ತದೆ, ಪ್ರೋಟೀನ್ ಉಳಿಯುತ್ತದೆ. ಒಬ್ಬರಿಗೆ ಒಂದು ಹೊತ್ತಿಗೆ ಐವತ್ತು ಗ್ರಾಂ ಸಾಕು. ಅದನ್ನು ಎಣ್ಣೆಯಲ್ಲಿ ಕರಿಯದೆ ಪಾಲಕ್ ಅಥವಾ ಬಟಾಣಿಯ ಜೊತೆ ಹಾಗೆಯೇ ಬೇಯಿಸಿ.