ನಿಕೋಟಿನ್ ಗಮ್ ಹಲ್ಲು ಹುಳುಕಿಸುತ್ತದೆಯೇ?

ಸಿಗರೇಟು ಬಿಟ್ಟು ನಿಕೋಟಿನ್ ಗಮ್ ಹಿಡಿದಿದ್ದೀರಿ, ನಿಕೋಟಿನ್‌ಗೆ ಹುಳುಕಿನ ಬ್ಯಾಕ್ಟೀರಿಯಾ ಹೆಚ್ಚುತ್ತದೆ ಎಂದು ಎಲ್ಲೋ ಓದಿ ಗಮ್ ನಿಲ್ಲಿಸಲೇ ಎಂದು ಕೇಳಿದ್ದೀರಿ. ನಾನೂ ಅದೇ ದಾರಿ ತುಳಿದವನು. ನಿಲ್ಲಿಸಬೇಡಿ. ಚಪಲ ತಡೆಯಲು ಆಗಾಗ ಪೆಪ್ಪರ್‌ಮಿಂಟ್ ಚೀಪುತ್ತೇನೆ ಎಂದು ಕೊನೆಯಲ್ಲಿ ಬರೆದಿದ್ದೀರಲ್ಲ, ತಪ್ಪಿರುವುದು ಅಲ್ಲಿ.

ನೀವು ಓದಿದ್ದು ಸುಳ್ಳಲ್ಲ. ಪ್ರಯೋಗಾಲಯದಲ್ಲಿ ನಿಕೋಟಿನ್ ಬೆರೆಸಿದರೆ ಹುಳುಕು ತರುವ ಬ್ಯಾಕ್ಟೀರಿಯಾ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಹೆಚ್ಚು ದಪ್ಪ ಪದರ ಕಟ್ಟುತ್ತದೆ. ಆದರೆ ಹಲ್ಲು ಕರಗಿಸುವುದು ಆಮ್ಲ, ಆಮ್ಲಕ್ಕೆ ಬೇಕಾದದ್ದು ಸಕ್ಕರೆ. ನಿಕೋಟಿನ್ ತಿಂದು ಆ ಬ್ಯಾಕ್ಟೀರಿಯಾ ಆಮ್ಲ ಮಾಡುವುದಿಲ್ಲ.

ಪೆಪ್ಪರ್‌ಮಿಂಟ್ ಕೆಲಸ ಹೀಗೆ: ಸಕ್ಕರೆ ಬಿದ್ದ ಕೆಲವೇ ನಿಮಿಷದಲ್ಲಿ ಹಲ್ಲಿನ ಪಾಚಿಯ ಪಿಎಚ್ (ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ) 5.5ಕ್ಕಿಂತ ಕೆಳಗಿಳಿಯಬಹುದು, ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಕರಗತೊಡಗುತ್ತದೆ. ಜೊಲ್ಲು ಆ ಪಿಎಚ್ ಅನ್ನು ಮತ್ತೆ ಮೇಲೆತ್ತಲು ಸುಮಾರು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಇನ್ನೊಂದು ಬಾಯಿಗೆ ಹಾಕಿದರೆ ಲೆಕ್ಕ ಮತ್ತೆ ಮೊದಲಿನಿಂದ. ಒಂದೇ ಸಲ ನಾಲ್ಕು ತಿಂದು ಮುಗಿಸಿದ್ದರೂ ಇಷ್ಟು ಹಾನಿ ಇಲ್ಲ. ಗಂಟೆಗೊಂದರಂತೆ ಕೆನ್ನೆಯಲ್ಲಿಟ್ಟು ಚೀಪುವುದು ಅದಕ್ಕಿಂತ ಕೆಟ್ಟದ್ದು. ಅರ್ಧ ಗ್ಲಾಸ್ ಸಕ್ಕರೆ ಚಹಾವನ್ನು ಎರಡು ಗಂಟೆ ಗುಟುಕರಿಸುವುದೂ ಅದೇ ಜಾತಿ. ಸಿಗರೇಟಿನಿಂದ ವಸಡು ಸರಿದಿದ್ದರಂತೂ ಇನ್ನೂ ಕಷ್ಟ: ಬಯಲಾದ ಬೇರಿನ ಭಾಗ ಪಿಎಚ್ 6ರ ಮೇಲಿದ್ದಾಗಲೇ ಕರಗತೊಡಗುತ್ತದೆ.

ಗಮ್ ಸಕ್ಕರೆರಹಿತವಾಗಿದೆಯೇ ನೋಡಿ, ಲೇಬಲ್ ಮೇಲೆ ಸಕ್ಕರೆ ಬದಲು ಬಳಸುವ ಸಾರ್ಬಿಟಾಲ್ ಅಥವಾ ಕ್ಸೈಲಿಟಾಲ್ ಇರಬೇಕು. ಚುರುಕು ತಾಗುವವರೆಗೆ ನಿಧಾನವಾಗಿ ಅಗಿದು, ಕೆನ್ನೆ-ವಸಡಿನ ನಡುವೆ ಇಡಿ. ಚುರುಕು ಇಳಿದಾಗ ಮತ್ತೆ ಅಗಿದು ಜಾಗ ಬದಲಿಸಿ, ಹೀಗೆ ಸುಮಾರು ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮೊದಲು ಮತ್ತು ಅಗಿಯುವಾಗ ಕಾಫಿ, ನಿಂಬೆರಸ, ಸೋಡಾ ಬೇಡ. ಬಾಯಿ ಆಮ್ಲೀಯವಾದರೆ ನಿಕೋಟಿನ್ ಕೆನ್ನೆಯಿಂದ ಸರಿಯಾಗಿ ಹೀರಲ್ಪಡದೆ ಹೊಟ್ಟೆಗಿಳಿದು ಬಿಕ್ಕಳಿಕೆ ತರುತ್ತದೆ, ಚಪಲವೂ ಹೋಗುವುದಿಲ್ಲ. ಆಗಲೇ ಕೈ ಪೆಪ್ಪರ್‌ಮಿಂಟ್ ಡಬ್ಬಿಗೆ ಹೋಗುವುದು!

ಈಗ ಬ್ರಷ್ ಮಾಡುವಾಗ ರಕ್ತ ಕಂಡರೆ ಗಮ್ಮನ್ನು ದೂರಬೇಡಿ. ಧೂಮಪಾನ ವಸಡಿನ ರಕ್ತಸ್ರಾವವನ್ನು ಮರೆಮಾಡುತ್ತದೆ, ಬಿಟ್ಟ ಮೇಲೆ ಹಳೆಯ ಉರಿಯೂತ ಬಯಲಾಗುತ್ತದೆ. ದಂತವೈದ್ಯರಿಂದ ವಸಡು-ಹಲ್ಲಿನ ನಡುವಿನ ಸಂದಿನ ಆಳ ಅಳೆಸಿ.

ರಾತ್ರಿ 1000ರಿಂದ 1500 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಭಾಗ) ಫ್ಲೋರೈಡ್ ಇರುವ ಪೇಸ್ಟ್‌ನಿಂದ ಉಜ್ಜಿ ಉಗುಳಿ, ಆದರೆ ಬಾಯಿ ಮುಕ್ಕಳಿಸಬೇಡಿ. ಬೇರು ಬಯಲಾಗಿದ್ದರೆ ಕ್ಲಿನಿಕ್ಕಿನಲ್ಲಿ 5% ಸೋಡಿಯಂ ಫ್ಲೋರೈಡ್ ವಾರ್ನಿಷ್ (ಹಲ್ಲಿಗೆ ಬಳಿಯುವ ಲೇಪ) ಹಚ್ಚಿಸಿಕೊಳ್ಳಿ, ಹಚ್ಚಿದ ದಿನ ಗಟ್ಟಿ ತಿಂಡಿ ತಿನ್ನಬೇಡಿ.